ಎರಡು ಹಾರ್ಡ್ ಡಿಸ್ಕ್ ಹಾಕಿದರೆ ಮನೆಯ ಫೋಟೋಗಳು ಸೇಫ್ ಆಗುತ್ತವೆಯೇ?

ಗೂಗಲ್ ಫೋಟೋಸ್‌ನಲ್ಲಿ ಬೇಕಾದಷ್ಟು ಫೋಟೋ ಉಚಿತವಾಗಿ ಇಡುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಅಂದಿನಿಂದ ಹೊಸ ಫೋಟೋಗಳೆಲ್ಲ 15 ಜಿಬಿಯ ಲೆಕ್ಕಕ್ಕೆ ಸೇರುತ್ತಿವೆ. ಹಾಗಾಗಿ 'ಹಳೇ ಕಂಪ್ಯೂಟರಿಗೆ ಎರಡು ಹಾರ್ಡ್ ಡಿಸ್ಕ್ ಹಾಕಿ, ಮನೆಯಲ್ಲೇ ಸರ್ವರ್ ಮಾಡಿಕೊಳ್ಳಿ, ಫೋಟೋ ಯಾವತ್ತೂ ಹೋಗಲ್ಲ' ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಸರ್ವರ್ ಮಾಡಿಕೊಳ್ಳಬಹುದು, ನಿಜ. 'ಯಾವತ್ತೂ ಹೋಗಲ್ಲ' ಎನ್ನುವುದು ಮಾತ್ರ ಸುಳ್ಳು.

ಎರಡು ಡಿಸ್ಕ್‌ಗಳಲ್ಲೂ ಒಂದೇ ಮಾಹಿತಿ ಬರೆಯುವ ವ್ಯವಸ್ಥೆಗೆ ರೇಡ್ 1 ಎನ್ನುತ್ತಾರೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದರಲ್ಲಿ ಎಲ್ಲವೂ ಇರುತ್ತದೆ. ಆದರೆ ಇದು ಕನ್ನಡಿಯಂತೆ: ಇಲ್ಲಿ ಅಳಿಸಿದರೆ ಅಲ್ಲೂ ಅದೇ ಕ್ಷಣ ಅಳಿಯುತ್ತದೆ. ನಮ್ಮ ತಂಡದ ಒಬ್ಬರು ಅಜ್ಜಿಯ ಕೊನೆಯ ವರ್ಷದ ವಿಡಿಯೋಗಳಿದ್ದ ಫೋಲ್ಡರನ್ನು ಕಳೆದುಕೊಂಡದ್ದು ಹೀಗೆಯೇ. ಎರಡೂ ಡಿಸ್ಕ್ ಚೆನ್ನಾಗಿಯೇ ಇದ್ದವು! ಸಿಡಿಲು, ಕಳ್ಳತನ, ರ‍್ಯಾನ್ಸಮ್‌ವೇರ್ ಬಂದರೂ ಎರಡೂ ಒಟ್ಟಿಗೇ ಹೋಗುತ್ತವೆ.

ಹಾಗಾದರೆ ಏನು ಕೊಳ್ಳಬೇಕು? ಫೋಟೋ ಇಡುವುದಕ್ಕಷ್ಟೇ ಆದರೆ ಪ್ರೊಸೆಸರ್‌ಗೆ ದುಡ್ಡು ಸುರಿಯಬೇಡಿ, ಸಾಧಾರಣದ್ದು ಸಾಕು. ಕರೆಂಟ್ ಬಿಲ್ ಮಾತ್ರ ಲೆಕ್ಕ ಹಾಕಿ. ಹಗಲೂ ರಾತ್ರಿ ಓಡುವ 60 ವ್ಯಾಟ್‌ನ ಹಳೇ ಡೆಸ್ಕ್‌ಟಾಪ್ ತಿಂಗಳಿಗೆ ಸುಮಾರು 43 ಯೂನಿಟ್ ಎಳೆಯುತ್ತದೆ. 15 ವ್ಯಾಟ್‌ನ ಚಿಕ್ಕ ಪೆಟ್ಟಿಗೆಗೆ 11 ಯೂನಿಟ್ ಸಾಕು. ಪುಕ್ಕಟೆ ಸಿಕ್ಕ ಕಂಪ್ಯೂಟರ್ ಪುಕ್ಕಟೆ ಅಲ್ಲ.

ಹಾರ್ಡ್ ಡಿಸ್ಕ್ ಆಯ್ಕೆಯಲ್ಲಿ ತುಸು ತಾಳ್ಮೆ ಬೇಕು. ಸಿಎಮ್‌ಆರ್, ಎಸ್‌ಎಮ್‌ಆರ್ ಎಂದು ಎರಡು ಬಗೆಗಳಿವೆ. ಎಸ್‌ಎಮ್‌ಆರ್‌ನಲ್ಲಿ ಮಾಹಿತಿಯ ಸಾಲುಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಒಂದು ಹೆಂಚು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಲ್ಲ, ಇಲ್ಲೂ ಒಂದು ಸಾಲು ತಿದ್ದಲು ಪಕ್ಕದ ಸಾಲುಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಕೆಟ್ಟ ಡಿಸ್ಕ್ ತೆಗೆದು ಹೊಸದನ್ನು ತುಂಬಿಸುವಾಗ ಇದು ತೀರಾ ನಿಧಾನ. ಸರ್ವರ್‌ಗೆಂದೇ ಮಾರುತ್ತಿದ್ದ ಕೆಲವು 'ರೆಡ್' ಡಿಸ್ಕ್‌ಗಳು ಎಸ್‌ಎಮ್‌ಆರ್ ಎಂದು ವೆಸ್ಟರ್ನ್ ಡಿಜಿಟಲ್ ಕಂಪನಿ 2020ರಲ್ಲಿ ಒಪ್ಪಿಕೊಂಡಿತು. ಆಮೇಲೆ ಸಿಎಮ್‌ಆರ್ ಡಿಸ್ಕ್‌ಗಳನ್ನು 'ರೆಡ್ ಪ್ಲಸ್' ಎಂದು ಬೇರೆ ಮಾಡಿತು. ಆದ್ದರಿಂದ ಡಬ್ಬಿಯ ಬಣ್ಣ ನಂಬದೆ, ಮಾಡೆಲ್ ನಂಬರ್ ಹಿಡಿದು ಕಂಪನಿಯ ವಿವರಪಟ್ಟಿ ನೋಡಿ.

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಕೆಡಬಹುದು. ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಹಾಕಿಡಿ, ಇಲ್ಲವಾದರೆ ಒಂದು ಚಿಕ್ಕ ಯುಪಿಎಸ್ ಬೇಕೇ ಬೇಕು.

ಬಜೆಟ್ ಕಡಿಮೆಯೇ? ನಾವಾದರೆ ರೇಡ್ ಬಿಟ್ಟು, ಎರಡನೇ ಡಿಸ್ಕನ್ನು ಯುಎಸ್‌ಬಿ ಡಿಸ್ಕ್ ಆಗಿ ಕೊಳ್ಳುತ್ತೇವೆ. ತಿಂಗಳಿಗೊಮ್ಮೆ ಕಾಪಿ ಮಾಡಿ, ಕೇಬಲ್ ಕಿತ್ತು, ಅಕ್ಕನ ಮನೆಯಲ್ಲೋ ಊರಿನ ಮನೆಯಲ್ಲೋ ಇಟ್ಟುಬಿಡಿ. ಇಡುವ ಮುನ್ನ ಅದರಿಂದಲೇ ನಾಲ್ಕಾರು ಹಳೇ ಫೋಟೋ ತೆರೆದು ನೋಡಿ.