ಎಂಜಿನ್ನಿನ ಕೆಳಗಿನಿಂದ ಹೊರಬಂದ ಎಣ್ಣೆಯ ತೊಟ್ಟಿ

ಕಾರಿನ ಎಂಜಿನ್ನಿಗೆ ಪೆಟ್ರೋಲು ಅನ್ನವಾದರೆ ಎಣ್ಣೆಯು ನೆತ್ತರು. ಪೆಟ್ರೋಲು ತೀರಿದರೆ ಗಾಡಿ ನಿಲ್ಲುತ್ತದೆ, ಅಷ್ಟೆ. ವೇಗವಾಗಿ ತಿರುಗುತ್ತಿರುವ ಎಂಜಿನ್ನಿಗೆ ಕೆಲವೇ ಕ್ಷಣ ಎಣ್ಣೆ ತಲುಪದಿದ್ದರೂ ಬೇರಿಂಗುಗಳು ಸವೆದು, ಕ್ರ್ಯಾಂಕ್ ದಂಡವೇ ಹಾಳಾಗಬಹುದು.

ನಮ್ಮ ನಿಮ್ಮ ಮನೆಯ ಕಾರುಗಳಲ್ಲಿ ಈ ಎಣ್ಣೆ ಎಂಜಿನ್ನಿನ ತಳಕ್ಕೆ ಜೋಡಿಸಿದ 'ಸಂಪ್' ಎಂಬ ತಟ್ಟೆಯಲ್ಲಿರುತ್ತದೆ. ಪಂಪು ಅದನ್ನು ಹೀರಿ ಮೇಲಕ್ಕೆ ಒತ್ತುತ್ತದೆ, ಕೆಲಸ ಮುಗಿಸಿದ ಎಣ್ಣೆ ತಾನಾಗಿಯೇ ಕೆಳಗೆ ಸುರಿಯುತ್ತದೆ. ಸರಳವಾದ, ಅಗ್ಗದ ವ್ಯವಸ್ಥೆ. ಪಂದ್ಯದ ಕಾರಿಗೆ ಮಾತ್ರ ಇದರಲ್ಲಿ ಎರಡು ತೊಡಕುಗಳಿವೆ. ತುಂಬಿದ ಬಕೆಟನ್ನು ಹಿಡಿದು ಗಿರ್ರನೆ ತಿರುಗಿದರೆ ನೀರು ಒಂದು ಬದಿಗೆ ಏರುವುದಿಲ್ಲವೆ? ಹಾಗೆಯೇ ತಿರುವಿನಲ್ಲಿ ಎಣ್ಣೆಯು ತಟ್ಟೆಯ ಅಂಚಿಗೆ ಸರಿದು, ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಎರಡನೆಯದು ಸ್ಥಳದ್ದು. ಆಳವಾದ ತಟ್ಟೆ ಇದ್ದಷ್ಟೂ ಎಂಜಿನ್ನನ್ನು ನೆಲದಿಂದ ಎತ್ತರದಲ್ಲಿ ಕೂರಿಸಬೇಕು, ಆಗ ಬಾನೆಟ್ಟೂ ಎತ್ತರವಾಗುತ್ತದೆ.

ಈ ಸ್ಥಳದ ಪ್ರಶ್ನೆಗೆ ಜರ್ಮನಿಯ ಮರ್ಸಿಡಿಸ್ 300 ಎಸ್‌ಎಲ್ ಒಳ್ಳೆಯ ಉದಾಹರಣೆ. ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಈ ಕಾರಿನ ಚಿತ್ರವನ್ನು ಅನೇಕರು ನೋಡಿರಬಹುದು. ಅದರ ಎಂಜಿನ್ನು ಹೊಸದಾಗಿ ಹುಟ್ಟಿದ್ದಲ್ಲ. 1951ರಲ್ಲಿ ಬಂದ 300 ಎಂಬ ಗಂಭೀರ ಸೆಡಾನ್ ಕಾರಿನ ಆರು ಸಿಲಿಂಡರುಗಳ, ಸುಮಾರು ಮೂರು ಲೀಟರಿನ ಎಂಜಿನ್ನೇ ಅದರ ಮೂಲ. ಮಂತ್ರಿ ಮಹೋದಯರ ಸವಾರಿಗೆ ತಕ್ಕ ಆ ಎತ್ತರದ ಯಂತ್ರವನ್ನು ತಗ್ಗಾದ ಪಂದ್ಯದ ಕಾರಿನೊಳಗೆ ಹುದುಗಿಸುವುದು ರುಡಾಲ್ಫ್ ಊಲೆನ್‌ಹೌಟ್ ಮತ್ತು ಸಹೋದ್ಯೋಗಿಗಳ ಮುಂದಿದ್ದ ಸವಾಲು. ಅವರು ಎಂಜಿನ್ನನ್ನು 50 ಡಿಗ್ರಿಯಷ್ಟು ಎಡಕ್ಕೆ ವಾಲಿಸಿ ಮಲಗಿಸಿದರು! 1954ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದ, ರಸ್ತೆಗೆ ಇಳಿಯುವ ಮಾದರಿಯಲ್ಲಿ ಎಣ್ಣೆಯ ಕ್ರಮವೂ ಬೇರೆಯೇ ಆಗಿತ್ತು. ಅದಕ್ಕೆ 'ಡ್ರೈ ಸಂಪ್' ಎಂದು ಹೆಸರು. ವಿಮಾನದ ಎಂಜಿನ್ನುಗಳಲ್ಲಿ ಈ ಕ್ರಮ ಮೊದಲೇ ರೂಢಿಯಲ್ಲಿತ್ತು.

ಇದರಲ್ಲಿ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವುದಿಲ್ಲ. ಅಲ್ಲಿರುವುದು ಆಳವಿಲ್ಲದ ತಟ್ಟೆ ಮಾತ್ರ. ಸುರಿದ ಎಣ್ಣೆಯನ್ನು ಒಂದು ಪಂಪು ಕೂಡಲೇ ಹೀರಿ, ಸ್ಥಳವಿರುವ ಕಡೆ ಇರಿಸಿದ ಪ್ರತ್ಯೇಕ ತೊಟ್ಟಿಗೆ ಕಳಿಸುತ್ತದೆ. ಅಲ್ಲಿಂದ ಇನ್ನೊಂದು ಪಂಪು ಅದನ್ನು ಬೇರಿಂಗುಗಳಿಗೆ ಒತ್ತುತ್ತದೆ. ಹೀರುವ ಪಂಪಿನ ಸಾಮರ್ಥ್ಯ ಒತ್ತುವ ಪಂಪಿಗಿಂತ ಹೆಚ್ಚಿರಲೇಬೇಕು, ಏಕೆಂದರೆ ಅದು ಎಣ್ಣೆಯ ಜೊತೆಗೆ ಗಾಳಿಯನ್ನೂ ಎಳೆಯುತ್ತದೆ. ಹೀಗೆ ಬಂದ ನೊರೆ ತೊಟ್ಟಿಯಲ್ಲಿ ತಣಿದು, ಗಾಳಿ ಬೇರೆಯಾಗಬೇಕು. ಆದುದರಿಂದಲೇ ತೊಟ್ಟಿಯನ್ನು ಎತ್ತರವಾಗಿಯೂ ಕಿರಿದಾಗಿಯೂ ಮಾಡುವುದು ವಾಡಿಕೆ. ತಿರುವಿನಲ್ಲಿ ವಾಲಿದರೂ ಅದರ ತಳದ ನಳಿಗೆ ಬರಿದಾಗದು. ಸಂಪು ಖಾಲಿಯಿರುವುದರಿಂದ ಕ್ರ್ಯಾಂಕ್ ದಂಡವು ಎಣ್ಣೆಯನ್ನು ಕಡೆಯುವ ವ್ಯರ್ಥ ಶ್ರಮವೂ ತಪ್ಪುತ್ತದೆ. ಇದು ಜಾಣತನದ ಏರ್ಪಾಡೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಹೆಚ್ಚುವರಿ ಪಂಪು, ತೊಟ್ಟಿ, ಕೊಳವೆಗಳಿಂದ ತೂಕವೂ ಖರ್ಚೂ ಏರುತ್ತವೆ. ಕೊಳವೆಯ ಜೋಡಣೆಗಳು ಹೆಚ್ಚಿದಷ್ಟೂ ಸೋರುವ ಜಾಗಗಳೂ ಹೆಚ್ಚು.

300 ಎಸ್‌ಎಲ್ ಕೊಂಡವರಿಗೆ ಮಾತ್ರ ಇನ್ನೂ ಒಂದು ವಿಚಿತ್ರ ತೊಂದರೆ ಕಾದಿತ್ತು. ಈ ಕಾರಿನಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ ಯಾಂತ್ರಿಕ ಪಂಪು ಇತ್ತು. ಕೀಲಿ ತಿರುಗಿಸಿ ಎಂಜಿನ್ನು ಆರಿಸಿದ ಮೇಲೂ, ಅದು ಸಂಪೂರ್ಣ ನಿಲ್ಲುವವರೆಗೆ ಪೆಟ್ರೋಲು ಚಿಮ್ಮುತ್ತಲೇ ಇರುತ್ತಿತ್ತು. ಉರಿಯದ ಆ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು, ಕೆಳಗಿಳಿದು ಬೆರೆಯುತ್ತಿತ್ತು. ಎಣ್ಣೆ ಚೆನ್ನಾಗಿ ಕಾದರೆ ಪೆಟ್ರೋಲು ಆವಿಯಾಗಿ ಹೋಗುತ್ತದೆ. ಆದರೆ ಇಲ್ಲಿ ಸುಮಾರು ಹತ್ತು ಲೀಟರು ಎಣ್ಣೆ, ಜೊತೆಗೆ ದೊಡ್ಡ ಕೂಲರ್. ಪೇಟೆಯೊಳಗಿನ ಪುಟ್ಟ ಪ್ರಯಾಣದಲ್ಲಿ ಅದು ಕಾಯುವುದಾದರೂ ಹೇಗೆ? ಪಂದ್ಯದ ಹಾದಿಯಲ್ಲಿ ವರವಾದ ತೊಟ್ಟಿ ತರಕಾರಿ ತರಲು ಹೊರಟಾಗ ಶಾಪವಾಯಿತು. ಬಲ್ಲ ಮಾಲೀಕರು ಕೂಲರಿಗೆ ಗಾಳಿ ಬಡಿಯದಂತೆ ಅಡ್ಡ ಮರೆ ಕಟ್ಟಿ, ಪ್ರತಿ 1,000 ಮೈಲಿಗೊಮ್ಮೆ ತಪ್ಪದೆ ಎಣ್ಣೆ ಬದಲಿಸುತ್ತಿದ್ದರು.