ನಿಂತ ಗಾಳಿ, ನಿಲ್ಲದ ಬಡಿತ

ರಷ್ಯಾದ ಲೆನಿನ್‌ಗ್ರಾಡ್ ನಗರದ ಮನೆಗಳ ಕಿಟಕಿಗೆ ಎರಡೆರಡು ಗಾಜು ಇರುತ್ತಿದ್ದವು. ಚಳಿಗಾಲ ಬಂತೆಂದರೆ ಚೌಕಟ್ಟಿನ ಸಂದಿಗೆ ಹತ್ತಿ ತುರುಕಿ, ಮೇಲೆ ಕಾಗದದ ಪಟ್ಟಿ ಅಂಟಿಸುವುದು ಅಲ್ಲಿನ ವಾಡಿಕೆಯಾಗಿತ್ತು. ಮನೆಯನ್ನು ಬೆಚ್ಚಗಿಡುತ್ತಿದ್ದುದು ಗಾಜಿಗಿಂತ ಹೆಚ್ಚಾಗಿ ನಡುವೆ ಸಿಕ್ಕಿಕೊಂಡ ಗಾಳಿ. ನಿಂತ ಗಾಳಿಗಿಂತ ಗಾಜು ಸುಮಾರು 40 ಪಟ್ಟು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ಆದರೆ ಗಾಳಿ ಅಲುಗಬಾರದು. ನಡುವಿನ ಜಾಗ ಅತಿ ಅಗಲವಾದರೆ ಅದು ಒಳಗೇ ಸುತ್ತತೊಡಗಿ, ಬೆಚ್ಚನೆಯ ಗಾಜಿನ ಶಾಖವನ್ನು ತಣ್ಣನೆಯ ಗಾಜಿಗೆ ಹೊತ್ತೊಯ್ಯುತ್ತದೆ. ಉಣ್ಣೆ, ರಜಾಯಿಗಳ ಗುಟ್ಟೂ ಇಷ್ಟೇ: ಎಳೆಗಳ ನಡುವೆ ಗಾಳಿಯನ್ನು ಕಟ್ಟಿಹಾಕುವುದು.

ಇಂಗ್ಲಿಷಿನವರು ಈ ನಿಂತ ಗಾಳಿಯನ್ನು ‘ಡೆಡ್ ಏರ್’ ಎನ್ನುತ್ತಾರೆ. ರೇಡಿಯೊದವರ ಬಾಯಲ್ಲಿ ಅದೇ ಮಾತಿಗೆ ಅರ್ಥ ಬೇರೆ: ಪ್ರಸಾರದ ನಡುವೆ ಬೀಳುವ ಮೌನ. ಅದನ್ನು ಕಂಡರೆ ಅವರಿಗೆ ಆಗದು. 1930ರ ಏಪ್ರಿಲ್ 18ರಂದು ಬಿಬಿಸಿಯ ವಾರ್ತಾವಾಚಕರು ಇವತ್ತು ಸುದ್ದಿಯೇ ಇಲ್ಲವೆಂದು ಹೇಳಿ ಮುಗಿಸಿದಾಗಲೂ ಉಳಿದ ಸಮಯವನ್ನು ಖಾಲಿ ಬಿಡಲಿಲ್ಲ, ಪಿಯಾನೊ ಸಂಗೀತ ಕೇಳಿಸಿದರು.

ಮೌನ ಎಷ್ಟು ಭಾರವೆಂಬುದು ಲೆನಿನ್‌ಗ್ರಾಡಿಗೆ ಗೊತ್ತಾದದ್ದು 1941ರಲ್ಲಿ. ಸೆಪ್ಟೆಂಬರ್ 8ರಂದು ಜರ್ಮನ್ ಸೇನೆ ನಗರವನ್ನು ಸುತ್ತುವರಿಯಿತು. ಖಾಸಗಿ ರೇಡಿಯೊಗಳನ್ನು ಸರ್ಕಾರ ಯುದ್ಧದ ಆರಂಭದಲ್ಲೇ ವಶಪಡಿಸಿಕೊಂಡಿತ್ತು. ಮನೆಗಳಲ್ಲಿ ಉಳಿದದ್ದು ತಂತಿಯ ಮೂಲಕ ಕೇಂದ್ರಕ್ಕೆ ಜೋಡಿಸಿದ, ಕಪ್ಪು ಕಾಗದದ ತಟ್ಟೆಯಂಥ ಧ್ವನಿವರ್ಧಕ. ಕಾರ್ಯಕ್ರಮ ಇಲ್ಲದ ವೇಳೆಯಲ್ಲಿ ಅದರಿಂದ ಸಂಗೀತದ ತಾಳ ಹಿಡಿಯುವ ಮೆಟ್ರೊನೋಮ್ ಯಂತ್ರದ ಬಡಿತ ಕೇಳಿಸುತ್ತಿತ್ತು, ಟಕ್, ಟಕ್. ಬಡಿತ ನಿಧಾನವಾಗಿದ್ದರೆ ಅಪಾಯವಿಲ್ಲ. ಚುರುಕಾಯಿತೆಂದರೆ ಬಾಂಬ್ ವಿಮಾನಗಳು ಬರುತ್ತಿವೆ, ನೆಲಮಾಳಿಗೆಗೆ ಓಡಬೇಕು. ತಂತಿ ಸರಿಯಾಗಿದೆ, ಕೇಂದ್ರದಲ್ಲಿ ಇನ್ನೂ ಜನರಿದ್ದಾರೆ ಎಂಬ ಸುದ್ದಿಯನ್ನೂ ಅದೇ ಬಡಿತ ತಲುಪಿಸುತ್ತಿತ್ತು.

ಬಾಂಬಿನ ಸ್ಫೋಟಕ್ಕೆ ಕಿಟಕಿಯ ಗಾಜುಗಳು ಸಿಡಿದುಹೋದವು. ಗಾಜಿನ ಜಾಗಕ್ಕೆ ಪ್ಲೈವುಡ್ ಬಡಿದರು. ಗಾಜಿನ ಜೊತೆಗೆ ನಡುವಿನ ಗಾಳಿಯ ಪದರವೂ ಹೋಯಿತು. ಹೊರಗೆ ಮೈನಸ್ 30 ಡಿಗ್ರಿ ಮುಟ್ಟುವ ಚಳಿ. ಪುಟ್ಟ ಕಬ್ಬಿಣದ ಒಲೆಗೆ ಕುರ್ಚಿ, ಪುಸ್ತಕಗಳೂ ಸೌದೆಯಾದವು. 1942ರ ಜನವರಿಯಲ್ಲಿ ವಿದ್ಯುತ್ ಕೈಕೊಟ್ಟು ಹಲವು ಬಡಾವಣೆಗಳಲ್ಲಿ ಧ್ವನಿವರ್ಧಕವೂ ನಿಂತಿತು. ಹಸಿವಿನಿಂದ ಕಂಗೆಟ್ಟ ಜನ ರೇಡಿಯೊ ಭವನದವರೆಗೆ ನಡೆದುಬಂದು ಕೇಳಿದ್ದು ಬ್ರೆಡ್ಡನ್ನಲ್ಲ, ರೇಡಿಯೊ ಮತ್ತೆ ಯಾವಾಗ ಮಾತಾಡುತ್ತದೆ ಎಂದು.

ಅದೇ ಭವನದಿಂದ ಕವಯಿತ್ರಿ ಓಲ್ಗಾ ಬೆರ್ಗೋಲ್ಟ್ಸ್ ನಗರಕ್ಕೆ ಕವಿತೆ ಓದುತ್ತಿದ್ದರು. ಅಲ್ಲಿನ ವಾದ್ಯವೃಂದದ ಹಲವರು ಆ ಚಳಿಗಾಲವನ್ನು ದಾಟಲಿಲ್ಲ. ಉಳಿದ ವಾದಕರನ್ನೂ ರಣರಂಗದಿಂದ ಬಂದ ಸೈನಿಕ ವಾದಕರನ್ನೂ ಕೂಡಿಸಿಕೊಂಡು ವೃಂದದ ನಿರ್ದೇಶಕ ಕಾರ್ಲ್ ಎಲಿಯಾಸ್‌ಬರ್ಗ್ 1942ರ ಆಗಸ್ಟ್ 9ರಂದು ಸಂಗೀತ ಸಂಯೋಜಕ ಶೊಸ್ತಕೋವಿಚ್‌ನ ಏಳನೇ ಸಿಂಫನಿ ನುಡಿಸಿದರು. ಊರಿನ ಧ್ವನಿವರ್ಧಕಗಳಲ್ಲೆಲ್ಲ ಅದು ಪ್ರಸಾರವಾಯಿತು. ಮುತ್ತಿಗೆ ಪೂರ್ತಿ ತೆರವಾದದ್ದು 1944ರ ಜನವರಿ 27ರಂದು.