ಕಣ್ಣಿನೊಳಗಿನ ಬಿರುಕು

ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಕಡಬದ ಕೆರೆಯ ಏರಿಯ ಮೇಲೆ ನಿಂತಾಗ ನಮಗೆ ಹೊಳೆಯುವ ಮಾತು ಒಂದೇ: ಏರಿ ಬಿರಿದರೆ ಮೊದಲು ಬಿರುಕನ್ನು ಮುಚ್ಚಬೇಕು. ಕಣ್ಣಿಗೂ ಇದೇ ನ್ಯಾಯ. ಬೆಳಕನ್ನು ಗ್ರಹಿಸುವ ಅಕ್ಷಿಪಟಲ ಹರಿದರೆ, ಕಣ್ಣೊಳಗಿನ ದ್ರವವು ಆ ರಂಧ್ರದಿಂದ ಹಿಂದಕ್ಕೆ ನುಸುಳಿ ಪಟಲವನ್ನು ಕಳಚುತ್ತದೆ. ರಂಧ್ರವನ್ನು ಮುಚ್ಚುವುದೇ ಪರಿಹಾರವೆಂದು 1920ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಜೂಲ್ಸ್ ಗೊನಿನ್ ತೋರಿಸಿಕೊಟ್ಟರು.

ಮುಚ್ಚಿದ ಮೇಲೂ ಉರಿಯೂತದಿಂದ ಗಾಯದ ಪೊರೆ ಬೆಳೆದು ಪಟಲವನ್ನು ಮತ್ತೆ ಸೆಳೆಯುವುದುಂಟು. ಕಣ್ಣಿಗೆ ಚುಚ್ಚುವ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಉರಿಯೂತವನ್ನು ತಣಿಸಬಲ್ಲುದು, ರಂಧ್ರವನ್ನು ಮುಚ್ಚಲಾರದು. ಪಟಲ ಮತ್ತೆ ಕಳಚದಂತೆ ಅದು ತಡೆಯುವುದೆಂದು ಪ್ರಯೋಗಗಳು ಖಚಿತಪಡಿಸಿಲ್ಲ. ಕಣ್ಣಿನ ಒತ್ತಡವನ್ನು ಅದು ಏರಿಸಲೂಬಹುದು.

ಆದುದರಿಂದ ಕಣ್ಣಿನಲ್ಲಿ ಮಿಂಚು, ಒಮ್ಮೆಲೇ ಕಪ್ಪು ಚುಕ್ಕೆಗಳು, ಪರದೆ ಇಳಿದಂಥ ನೆರಳು ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ ಅಂದೇ ನೇತ್ರವೈದ್ಯರನ್ನು ಕಾಣೋಣ. ಏರಿಯ ಬಿರುಕು ನಾಳೆಯವರೆಗೆ ಕಾಯದು.